ಮೊದಲ ದೂರಿನಲ್ಲೇ ಎಲ್ಲವನ್ನೂ ಹೇಳಿ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ವಿಮೆ ಮಾಡಿಸಿದ ಹಸು ಸತ್ತು, ಪರಿಹಾರ ಸಿಗದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವಾಗ ಹೇಳಬೇಕಾದ್ದನ್ನೆಲ್ಲ ಮೊದಲ ದೂರಿನಲ್ಲೇ ಹೇಳಿ. ಉಳಿದದ್ದನ್ನು ಮೇಲ್ಮನವಿಯಲ್ಲಿ ನೋಡಿಕೊಳ್ಳೋಣ ಎನ್ನಬೇಡಿ. ಸಿವಿಲ್ ನ್ಯಾಯಾಲಯಗಳಲ್ಲೂ ಮೇಲ್ಮನವಿ ಪತ್ರದಲ್ಲಿ ಬರೆಯದ ಆಧಾರವನ್ನು ಅನುಮತಿಯಿಲ್ಲದೆ ವಾದಿಸುವಂತಿಲ್ಲ.

ಈ ಕಟ್ಟು ವಿಮಾ ಕಂಪನಿಗೂ ಉಂಟು. ತಿಳಿಸಲು ತಡವಾಯಿತೆಂಬ ಕಾರಣ ತಿರಸ್ಕಾರ ಪತ್ರದಲ್ಲಿ ಇಲ್ಲದಿದ್ದರೆ, ಆಮೇಲೆ ಆಯೋಗದ ಮುಂದೆ ಅದನ್ನು ಎತ್ತುವಂತಿಲ್ಲವೆಂದು 2019ರಲ್ಲಿ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಆ ಪತ್ರವನ್ನು ಜೋಪಾನವಾಗಿಡಿ.

ಹಸು ಸತ್ತ ಕೂಡಲೇ ಕಂಪನಿಗೂ ನಮಗೂ ತಿಳಿಸಿ. ಕಿವಿಯೋಲೆ ತೆಗೆದಿಡಿ. ಮರಣೋತ್ತರ ಪರೀಕ್ಷೆಗೆ ಮುನ್ನ ಹೂಳಬೇಡಿ. ಮಣ್ಣಿಗೆ ಹೋದ ಸಾಕ್ಷ್ಯವನ್ನು ಯಾವ ವಕೀಲರೂ ತರಲಾರರು.