ಗಡಿಯಾರದ ನಾಟಕ, ಜನರ ನಾಟಕ



ಟಿವಿಯ ಆರಂಭಕಾಲದ ನೇರಪ್ರಸಾರ ನಾಟಕಗಳ ಬಗ್ಗೆ ಬಾದಾಮಿಯಲ್ಲಿ ಕುಳಿತು ಮಾತಾಡುವುದೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ನಾಟಕಗಳು ಬೆಳೆದದ್ದು ನ್ಯೂಯಾರ್ಕಿನ ಸ್ಟುಡಿಯೋಗಳಲ್ಲಿ. ನಮ್ಮ ಭಾಗಕ್ಕೆ ಟಿವಿ ಬರುವ ಹೊತ್ತಿಗೆ ಅವುಗಳ ಕಾಲ ಮುಗಿದೇ ಹೋಗಿತ್ತು. ಆದರೂ ಅವುಗಳ ಕಷ್ಟಸುಖ ಸಲೀಸಾಗಿ ಅರ್ಥವಾಗುವುದು ಇಲ್ಲಿನ ಬನಶಂಕರಿ ಜಾತ್ರೆಯಲ್ಲಿ ನಾಟಕ ನೋಡಿದವರಿಗೆ.

ಅಮೆರಿಕದ ಎನ್‌ಬಿಸಿ 1947ರಲ್ಲಿ ‘ಕ್ರಾಫ್ಟ್ ಟೆಲಿವಿಷನ್ ಥಿಯೇಟರ್’ ಆರಂಭಿಸಿತು. ಮರುವರ್ಷ ‘ಸ್ಟುಡಿಯೋ ಒನ್’, ‘ಫಿಲ್ಕೊ ಟೆಲಿವಿಷನ್ ಪ್ಲೇಹೌಸ್’ ಬಂದವು. ಪ್ರತಿ ಸಲ ಹೊಸ ಕಥೆ, ಹೊಸ ಪಾತ್ರಗಳು. ನಟ ಆಡುತ್ತಿದ್ದಂತೆಯೇ ಅದು ಮನೆಮನೆಗೆ ತಲುಪುತ್ತಿತ್ತು, ರೀಟೇಕ್ ಎಂಬುದಿಲ್ಲ. ಒಂದೇ ಸ್ಟುಡಿಯೋದಲ್ಲಿ ಅಕ್ಕಪಕ್ಕ ಸೆಟ್ಟುಗಳು. ಒಂದು ದೃಶ್ಯ ಮುಗಿಸಿದ ನಟ ಕ್ಯಾಮೆರಾಗಳ ಹಿಂದಿನಿಂದ ಓಡಿ, ಕೋಟು ಬದಲಿಸಿ, ಏದುಸಿರು ಅಡಗಿಸಿಕೊಂಡು ಮುಂದಿನ ಸೆಟ್ಟಿನಲ್ಲಿ ನಿಲ್ಲಬೇಕು. ಜಾಹೀರಾತು ಬರುವ ಒಂದೆರಡು ನಿಮಿಷವೇ ಅವನಿಗೆ ಸಿಗುವ ಬಿಡುವು.

ಈ ಬಿಡುವನ್ನು ನಮ್ಮ ಕಂಪನಿ ನಾಟಕದವರು ಬೇರೆ ರೀತಿಯಲ್ಲಿ ದುಡಿಸಿಕೊಂಡರು. ಮುಂದೆ ರಸ್ತೆ ಪರದೆ ಇಳಿಯುತ್ತದೆ, ಅದರೆದುರು ಹಾಸ್ಯದ ಜೋಡಿ ಜನರನ್ನು ನಗಿಸುತ್ತಿರುತ್ತದೆ. ಹಿಂದೆ ಸದ್ದಿಲ್ಲದೆ ಸಾಹುಕಾರನ ಮನೆ ಎದ್ದು ನಿಲ್ಲುತ್ತದೆ. ಸೆಟ್ಟು ಇನ್ನೂ ಸಿದ್ಧವಾಗಿಲ್ಲ ಎಂದು ಸನ್ನೆ ಬಂದರೆ ಹಾಸ್ಯಗಾರ ಇನ್ನೆರಡು ಮಾತು ಬೆಳೆಸುತ್ತಾನೆ. ಪುಷ್ಯ ಮಾಸದ ಜಾತ್ರೆಯಲ್ಲಿ ಹಲವು ಕಂಪನಿಗಳು ಒಂದೇ ಬಯಲಲ್ಲಿ ಡೇರೆ ಹಾಕುತ್ತವೆ. ಯಾವ ರಾತ್ರಿ ಯಾವ ಕಥೆ ಎಂಬುದನ್ನು ಟಿಕೆಟ್ ಕೊಳ್ಳುವವರೇ ತೀರ್ಮಾನಿಸುತ್ತಾರೆ.

ಎರಡೂ ನೇರ ನಾಟಕಗಳೇ. ಆದರೆ ಒಂದು ಗಡಿಯಾರಕ್ಕೆ ಕಟ್ಟುಬಿದ್ದದ್ದು, ಇನ್ನೊಂದು ಎದುರಿಗಿರುವ ಜನಕ್ಕೆ. ಸ್ಟುಡಿಯೋ ನಾಟಕ ನಿಗದಿತ ನಿಮಿಷಕ್ಕೆ ಮುಗಿಯಲೇಬೇಕು. ಮನೆಯಲ್ಲಿ ಕುಳಿತು ನೋಡುವವರ ನಗು ನಟನಿಗೆ ಕೇಳಿಸುವುದಿಲ್ಲ. ಕಂಪನಿ ನಾಟಕದಲ್ಲಿ ‘ಒನ್ಸ್ ಮೋರ್’ ಎಂಬ ಕೂಗೆದ್ದರೆ ಸಾಯುತ್ತಿದ್ದ ಪಾತ್ರವೂ ಎದ್ದು ನಿಂತು ಹಾಡಬೇಕು. ಈ ವ್ಯತ್ಯಾಸವೇ ಎರಡರ ಹಣೆಬರಹವನ್ನೂ ಬರೆಯಿತೆಂದು ನನ್ನ ವಾದ.

ಎರಡು ನಾಟಕಗಳನ್ನು ನೋಡಿ. ಪ್ಯಾಡಿ ಚಯೆಫ್ಸ್ಕಿ ಬರೆದ ‘ಮಾರ್ಟಿ’ 1953ರ ಮೇ 24ರಂದು ನೇರವಾಗಿ ಪ್ರಸಾರವಾಯಿತು; 1955ರಲ್ಲಿ ಸಿನಿಮಾ ಆಗಿ ಆಸ್ಕರ್ ಗೆದ್ದಿತು. ನಮ್ಮ ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಂಗದ ಮೇಲೆ ಗೆದ್ದು, 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಯಿತು. ಅಮೆರಿಕದಲ್ಲಿ 1956ರಲ್ಲಿ ವಿಡಿಯೋಟೇಪ್ ಬಂತು. ಮುದ್ರಿಸಿದ್ದನ್ನು ತಿದ್ದಬಹುದು, ಮತ್ತೆ ಮತ್ತೆ ಮಾರಬಹುದು ಎಂದಾದ ಮೇಲೆ ನೇರ ನಾಟಕದ ಗೊಡವೆ ಯಾರಿಗೂ ಬೇಡವಾಯಿತು. ಇಲ್ಲಿ ಸಿನಿಮಾ ಬಂದರೂ ಧುತ್ತರಗಿಯವರ ನಾಟಕಗಳನ್ನು ಊರ ಹುಡುಗರು ಇಂದಿಗೂ ಆಡುತ್ತಾರೆ. ಎದುರಿಗೆ ಕುಳಿತ ಜನ ಮಾಡುವ ಕೆಲಸವನ್ನು ಟೇಪು ಮಾಡಲಾರದು.

ನಮ್ಮ ಭಾಗಕ್ಕೆ ಟಿವಿ ಬಂದದ್ದೇ ಮುದ್ರಿಕೆಯ ರೂಪದಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಬಿಜಾಪುರ ಜಿಲ್ಲೆಯಲ್ಲೇ ಇದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಆಯ್ದ ಹಳ್ಳಿಗಳಲ್ಲಿ ಕೋಳಿಬಲೆಯಂಥ ಜಾಲರಿಯ ದೊಡ್ಡ ಆಂಟೆನಾ ನಿಲ್ಲಿಸಿ, ಊರಿಗೆಲ್ಲ ಒಂದೇ ಟಿವಿ ಇಟ್ಟರು. ಬೇಸಾಯ, ಆರೋಗ್ಯದ ಪಾಠದ ಜತೆ ಮನರಂಜನೆಯೂ ಬಂತು. ಊರೆಲ್ಲ ಒಟ್ಟಿಗೆ ಕುಳಿತು ನೋಡಿತು; ಆದರೆ ಅವರ ‘ಒನ್ಸ್ ಮೋರ್’ ಹೈದರಾಬಾದಿಗೆ ಕೇಳುವಂತಿರಲಿಲ್ಲ.

ಹಾಗಾಗಿ ಈ ವಿಚಾರಸಂಕಿರಣದಿಂದ ನಾನು ಬಯಸುವುದು ಮೂರು ಕೆಲಸ. ಒಂದು, ಕಮತಗಿಯ ಹುಚ್ಚೇಶ್ವರ ನಾಟ್ಯಸಂಘದಂಥ ಕಂಪನಿಗಳ ಕೈಬರಹದ ಪ್ರತಿಗಳನ್ನು ಹುಡುಕಿ ಕಾಪಾಡಬೇಕು. ಅಂಚಿನಲ್ಲಿ ಹೊಡೆದುಹಾಕಿದ, ಸೇರಿಸಿದ ಮಾತುಗಳಲ್ಲಿ ಪ್ರೇಕ್ಷಕರ ಗುರುತಿದೆ. ಎರಡು, ಹಿರಿಯ ನಟನಟಿಯರ ಜತೆಗೆ ಪ್ರಾಂಪ್ಟರು, ಪರದೆ ಎಳೆಯುವವರು, ಹಾರ್ಮೋನಿಯಂ ಮಾಸ್ತರರ ಅನುಭವವನ್ನೂ ದಾಖಲಿಸಬೇಕು. ಮೂರು, ಒಂದು ಪ್ರಯೋಗವನ್ನು ಚಿತ್ರೀಕರಿಸಿ ಇದೇ ಆ ನಾಟಕ ಎಂದುಬಿಡುವ ರೂಢಿ ಬಿಡಬೇಕು. ಒಂದೇ ನಾಟಕದ ಎರಡು ರಾತ್ರಿಗಳನ್ನು ಚಿತ್ರೀಕರಿಸಿ, ಒಂದು ಕ್ಯಾಮೆರಾವನ್ನು ಜನರ ಕಡೆಗೂ ತಿರುಗಿಸಿ. ಎರಡನೆಯ ರಾತ್ರಿ ಯಾವ ಮಾತು ಬದಲಾಯಿತು, ಯಾರ ನಗುವಿಗೆ ಬದಲಾಯಿತು ಎಂದು ಬರೆದಿಡಿ. ಮಾಧ್ಯಮ ವಿಭಾಗದವರೂ ರಂಗಭೂಮಿ ವಿಭಾಗದವರೂ ಕೂಡಿ ಮಾಡಬೇಕಾದ ಕೆಲಸವಿದು. ಮುಂದಿನ ಬನಶಂಕರಿ ಜಾತ್ರೆಗೆ ಅದು ಶುರುವಾಗಲಿ ಎಂದು ಹಾರೈಸಿ, ಗೋಷ್ಠಿಗಳನ್ನು ನಿಮಗೊಪ್ಪಿಸುತ್ತೇನೆ.