ಸಪಾಟು ನೆಲದ ಮೂರು ಮುಖಗಳು

(ಗೆಂಡೆಹಳ್ಳಿಯಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಬೇಲೂರು ಸೀಮೆಯವರಾದ ನಿಮಗೆ ಏರು-ಇಳಿವುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಗುಡ್ಡದ ನೆತ್ತಿಯಲ್ಲಿ ಕಾಲಡಿಯ ನೆಲ ಸಪಾಟು. ಯಾವ ಕಡೆ ಹೆಜ್ಜೆ ಇಟ್ಟರೂ ಇಳಿಜಾರು. ಗುಂಡಿಯ ತಳವೂ ಸಪಾಟೇ. ಅಲ್ಲಿಂದ ಎತ್ತ ಹೋದರೂ ಏರು. ಮೂರನೆಯದೂ ಒಂದಿದೆ. ಎರಡು ಗುಡ್ಡಗಳ ನಡುವೆ ದಾರಿ ದಾಟುವ ಜಾಗ ನೋಡಿ. ದಾರಿಹೋಕನಿಗೆ ಅದು ಅತಿ ಎತ್ತರ. ಗುಡ್ಡದಿಂದ ಗುಡ್ಡಕ್ಕೆ ನಡೆಯುವವನಿಗೆ ಅದೇ ಅತಿ ತಗ್ಗು. ಕುದುರೆಯ ಜೀನಿನ ಆಕಾರ ಅದರದು.

ಹೀಗೆ ಇಳಿಜಾರು ಸೊನ್ನೆಯಾಗುವ ಜಾಗವನ್ನು ಕಲನಶಾಸ್ತ್ರ ‘ನಿರ್ಣಾಯಕ ಬಿಂದು’ ಎನ್ನುತ್ತದೆ. ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1870ರಲ್ಲಿ ಬೆಟ್ಟ, ತಗ್ಗುಗಳ ಬಗ್ಗೆಯೇ ಒಂದು ಪ್ರಬಂಧ ಬರೆದ. ನಮ್ಮ ಪ್ರಶ್ನೆ ಇಷ್ಟೆ: ನಿಂತ ಜಾಗ ನೆತ್ತಿಯೋ, ತಳವೋ, ಜೀನೋ?

ಪೂರ್ವ-ಪಶ್ಚಿಮ ನೋಡಿ, ಉತ್ತರ-ದಕ್ಷಿಣ ನೋಡಿ. ನಾಲ್ಕೂ ಕಡೆ ಏರಿದ್ದರೆ ತಳ ಎನ್ನೋಣವೇ? ಇಲ್ಲೇ ಎಡವುವುದು. ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ ಹೆಜ್ಜೆ ಹೋದಾಗ ನೆಲದ ಎತ್ತರ ‘ಎಕ್ಸ್ ವರ್ಗ + ವೈ ವರ್ಗ + 4 ಎಕ್ಸ್ ವೈ’ ಎನ್ನಿ. ಪೂರ್ವಕ್ಕೆ ಒಂದು ಹೆಜ್ಜೆ ಇಟ್ಟರೆ ಎತ್ತರ 1; ಉತ್ತರಕ್ಕೆ ಇಟ್ಟರೂ 1. ಪಶ್ಚಿಮಕ್ಕೆ ಒಂದು, ಉತ್ತರಕ್ಕೆ ಒಂದು ಹೆಜ್ಜೆ ಇಟ್ಟು ವಾಯವ್ಯಕ್ಕೆ ಹೋಗಿ: 1 + 1 - 4, ಅಂದರೆ ಮೈನಸ್ 2. ನೆಲ ಕುಸಿಯಿತು! ತಳವೆಂದುಕೊಂಡದ್ದು ಜೀನು.

ಈ ಮೋಸವನ್ನು ಹಿಡಿಯಲು ಮೂರು ಸಂಖ್ಯೆ ಬೇಕು: ಪೂರ್ವದ ಬಾಗು, ಉತ್ತರದ ಬಾಗು, ಮತ್ತು ಪೂರ್ವಕ್ಕೆ ಸರಿದಂತೆ ಉತ್ತರದ ಇಳಿಜಾರು ಬದಲಾಗುವ ಪ್ರಮಾಣ, ಅಂದರೆ ಓರೆಬಾಗು. ಮೊದಲೆರಡರ ಗುಣಲಬ್ಧದಿಂದ ಓರೆಬಾಗಿನ ವರ್ಗವನ್ನು ಕಳೆಯಿರಿ. ಉತ್ತರ ಋಣವಾದರೆ ಜೀನು. ಧನವಾದರೆ ಪೂರ್ವದ ಬಾಗನ್ನು ನೋಡಿ: ಅದು ಧನವಾದರೆ ತಳ, ಋಣವಾದರೆ ನೆತ್ತಿ. ಸೊನ್ನೆ ಬಂದರೆ ಈ ಪರೀಕ್ಷೆ ಏನೂ ಹೇಳದು. ಬೇರೆ ದಾರಿ ಹುಡುಕಬೇಕು. ನಮ್ಮ ಉದಾಹರಣೆಯಲ್ಲಿ ಸಂಖ್ಯೆಗಳು 2, 2, 4. ನಾಲ್ಕರಿಂದ ಹದಿನಾರು ಕಳೆದರೆ ಮೈನಸ್ 12. ಈ ಲೆಕ್ಕದ ಕೋಷ್ಟಕಕ್ಕೆ ಜರ್ಮನಿಯ ಲುಡ್ವಿಗ್ ಒಟ್ಟೊ ಹೆಸ್ಸೆಯ (1811-1874) ಹೆಸರಿದೆ.

ನಮ್ಮ ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಹೆಸರಿನಲ್ಲೇ ನೀರಿದೆ. ಕೆರೆ ಕಟ್ಟುವವರು ನೆಲ ಎತ್ತ ಇಳಿಯುತ್ತದೆಂದು ನೋಡಿ ಆ ಕಡೆಗೆ ಏರಿ ಹಾಕುತ್ತಾರೆ. ನಾಲ್ಕು ದಿಕ್ಕು ನೋಡಿ ವಾಯವ್ಯವನ್ನು ಮರೆತರೆ ನೀರು ಅಲ್ಲಿಂದಲೇ ಹರಿದುಹೋದೀತು. ಕಾಗದದ ಮೇಲೆ ನಾವು ಎಳೆದ ಗೆರೆಗಳ ಹಂಗು ನೀರಿಗಿಲ್ಲ. ಓರೆಬಾಗಿನ ಲೆಕ್ಕ ಕಲಿಸುವುದೂ ಅದನ್ನೇ.