ಕಡಲಾಚೆಯ ಮಗು: ದತ್ತು, ಕಫಾಲಾ ಮತ್ತು ನಮ್ಮ ಹೊಣೆ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಈ ವಿಷಯವನ್ನು ನಾವು ಆರಿಸಿಕೊಳ್ಳಲು ಎರಡು ಪ್ರಶ್ನೆಗಳು ಕಾರಣ. ಜುಮಾ ನಮಾಝ್‌ನ ಬಳಿಕ ಮಸೀದಿಯ ಜಗಲಿಯಲ್ಲಿ ಇವೆರಡೂ ನಮ್ಮ ಮುಂದೆ ಪದೇ ಪದೇ ಬಂದಿವೆ. ಮೊದಲನೆಯದು, 2023ರ ಅಕ್ಟೋಬರ್‌ನಲ್ಲಿ ಗಾಝಾದ ಮೇಲೆ ಯುದ್ಧ ಆರಂಭವಾದಂದಿನಿಂದ ಕೇಳಿಬರುತ್ತಿರುವ ಪ್ರಶ್ನೆ: 'ಅಲ್ಲಿನ ಒಂದು ಅನಾಥ ಮಗುವನ್ನು ನಮ್ಮ ಮನೆಗೆ ತಂದು ಸಾಕಲಾಗದೇ?' ಎರಡನೆಯದು ಹಳೆಯ ಪ್ರಶ್ನೆ. ಹೊರದೇಶದಲ್ಲಿ ದುಡಿಯುತ್ತಿರುವ ಅಣ್ಣನಿಗೆ ಮಕ್ಕಳಿಲ್ಲ, ಊರಿನಲ್ಲಿರುವ ತಮ್ಮನಿಗೆ ನಾಲ್ಕು ಮಕ್ಕಳು. 'ಒಂದನ್ನು ಅವರಿಗೆ ಕೊಟ್ಟರೇನು? ಐವತ್ತು ರೂಪಾಯಿಯ ಛಾಪಾ ಕಾಗದದಲ್ಲಿ ಬರೆದುಕೊಟ್ಟರೆ ಸಾಲದೇ?'

ಎರಡೂ ಪ್ರಶ್ನೆಗಳ ಹಿಂದಿರುವುದು ಪ್ರೀತಿಯೇ. ಅನಾಥನನ್ನು ಪೋಷಿಸುವವನು ಸ್ವರ್ಗದಲ್ಲಿ ತಮಗೆ ಎಷ್ಟು ಸಮೀಪವಿರುವನೆಂಬುದನ್ನು ಪ್ರವಾದಿವರ್ಯರು(ಸ) ತಮ್ಮ ಎರಡು ಬೆರಳುಗಳನ್ನು ತೋರಿಸಿ ತಿಳಿಸಿದ ವಿಚಾರವನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಒಂದು ಮಗುವನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಒಯ್ಯುವಾಗ ಆ ಪ್ರೀತಿಯೊಂದೇ ಸಾಕಾಗುವುದಿಲ್ಲ. ಅದು ಹೇಗೆಂಬುದನ್ನು ಒಂದು ಘಟನೆಯ ಮೂಲಕ ನೋಡೋಣ.

2007ರ ಅಕ್ಟೋಬರ್‌ನಲ್ಲಿ ಆಫ್ರಿಕಾದ ಚಾಡ್ ದೇಶದ ಅಬೆಷೆ ಪಟ್ಟಣದಲ್ಲಿ 'ಆರ್ಶ್ ದ ಝೋಯೆ' ಎಂಬ ಫ್ರಾನ್ಸಿನ ಸಂಸ್ಥೆಯೊಂದರ ಕಾರ್ಯಕರ್ತರು 103 ಮಕ್ಕಳನ್ನು ವಿಮಾನದಲ್ಲಿ ಫ್ರಾನ್ಸಿಗೆ ಒಯ್ಯುವ ಸಿದ್ಧತೆಯಲ್ಲಿದ್ದಾಗ ಬಂಧಿತರಾದರು. ಇವರೆಲ್ಲ ಸುಡಾನ್‌ನ ದಾರ್ಫುರ್ ಯುದ್ಧದ ಅನಾಥರೆಂದು ಅವರು ಹೇಳಿದ್ದರು. ಅತ್ತ ಫ್ರಾನ್ಸಿನಲ್ಲಿ ಆ ಮಕ್ಕಳಿಗಾಗಿ ಕುಟುಂಬಗಳು ಕಾದು ನಿಂತಿದ್ದವು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ರೆಡ್‌ಕ್ರಾಸ್ ಸಂಸ್ಥೆಯೂ ಮಕ್ಕಳನ್ನು ಮಾತನಾಡಿಸಿದಾಗ ಹೊರಬಿದ್ದ ಸತ್ಯ ಬೇರೆಯೇ ಆಗಿತ್ತು. ಹೆಚ್ಚಿನವರು ಚಾಡ್‌ನ ಗಡಿಗ್ರಾಮಗಳ ಮಕ್ಕಳು. ಅವರಲ್ಲಿ ಬಹುತೇಕರು ತಾವು ತಂದೆ ಅಥವಾ ತಾಯಿ ಎಂದು ಕರೆಯುವ ಕನಿಷ್ಠ ಒಬ್ಬರೊಂದಿಗೆ ಬದುಕುತ್ತಿದ್ದರು. ಅದೇ ಡಿಸೆಂಬರ್‌ನಲ್ಲಿ ಚಾಡ್‌ನ ನ್ಯಾಯಾಲಯವು ಆರು ಮಂದಿ ಫ್ರೆಂಚರಿಗೆ ಎಂಟು ವರ್ಷಗಳ ಕಠಿಣ ಶಿಕ್ಷೆ ವಿಧಿಸಿತು. ಅವರನ್ನು ಫ್ರಾನ್ಸಿಗೆ ವರ್ಗಾಯಿಸಲಾಯಿತು, 2008ರಲ್ಲಿ ಕ್ಷಮಾದಾನವೂ ದೊರೆಯಿತು. ಮಕ್ಕಳಿಗಾಗಿ ಕಾದಿದ್ದ ಆ ಕುಟುಂಬಗಳಲ್ಲಿ ದುಷ್ಟರೆಷ್ಟು ಮಂದಿ ಇದ್ದಿರಬಹುದು? ನಮ್ಮಂತೆಯೇ ಟಿ.ವಿ.ಯ ಮುಂದೆ ಕುಳಿತು ಕಣ್ಣೊರೆಸಿಕೊಂಡವರೇ ಹೆಚ್ಚು.

ಗಾಝಾದ ಆಸ್ಪತ್ರೆಗಳಲ್ಲಿ ವೈದ್ಯರು, 'ಗಾಯಗೊಂಡ ಮಗು, ಬದುಕುಳಿದ ಕುಟುಂಬವಿಲ್ಲ' ಎಂಬ ಅರ್ಥದ ಸಂಕ್ಷಿಪ್ತಾಕ್ಷರಗಳನ್ನು ಬಳಸಬೇಕಾಗಿ ಬಂದುದನ್ನು ನಾವೆಲ್ಲ ಓದಿದ್ದೇವೆ. ಎಂಥ ಎದೆಯನ್ನೂ ಒಡೆಯುವ ಪದಗಳವು. ಆದರೂ ಯುದ್ಧದ ನಡುವೆ 'ಯಾರೂ ಇಲ್ಲ' ಎಂದು ದಾಖಲಾದ ಮಗುವಿಗೆ ಚಿಕ್ಕಪ್ಪನೋ ಅಜ್ಜಿಯೋ ಇನ್ನೊಂದು ಡೇರೆಯಲ್ಲಿ ಇರಬಹುದು, ಅದನ್ನೇ ಹುಡುಕುತ್ತಿರಬಹುದು. ಆದುದರಿಂದಲೇ ಯುದ್ಧ, ಭೂಕಂಪ, ಪ್ರವಾಹಗಳ ಸಮಯದಲ್ಲಿ ಮಕ್ಕಳನ್ನು ದತ್ತು ನೀಡಬಾರದು, ಮೊದಲು ಬಂಧುಗಳನ್ನು ಹುಡುಕಬೇಕು ಎಂಬುದು ಯುನಿಸೆಫ್‌ನ ನಿಲುವು. 1993ರ ಹೇಗ್ ಒಡಂಬಡಿಕೆಯೂ ಇದನ್ನೇ ಆಧಾರವಾಗಿಟ್ಟುಕೊಂಡಿದೆ. ಮಗುವಿಗೆ ಮೊದಲು ಅದರ ಸ್ವಂತ ಕುಟುಂಬ; ಅದು ಸಾಧ್ಯವಾಗದಿದ್ದರೆ ಸ್ವಂತ ದೇಶದಲ್ಲಿ ಇನ್ನೊಂದು ಕುಟುಂಬ; ಅದೂ ಸಿಗದಿದ್ದರೆ ಮಾತ್ರ ಪರದೇಶ. ಮಗುವನ್ನು ಮುಂದಿಟ್ಟುಕೊಂಡು ಯಾರೂ ಅಕ್ರಮ ಲಾಭ ಪಡೆಯಕೂಡದು. ಭಾರತವು ಈ ಒಡಂಬಡಿಕೆಯನ್ನು 2003ರಲ್ಲಿ ಅಂಗೀಕರಿಸಿತು.

ಭಾರತೀಯ ಪ್ರಜೆಯೊಬ್ಬನು ಹೊರದೇಶದ ಮಗುವನ್ನು ದತ್ತು ಪಡೆಯಲು ಬಯಸಿದರೆ ಆ ದೇಶದ ಕಾನೂನಿನ ಪ್ರಕಾರ ಅಲ್ಲಿಯೇ ಎಲ್ಲ ವಿಧಿಗಳನ್ನು ಪೂರೈಸಬೇಕು. ನಮ್ಮ ದೇಶದ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ 'ಕಾರಾ'ದ ಒಪ್ಪಿಗೆ ಬೇಕು. ಆ ಬಳಿಕವೂ ಮಗು ವಿದೇಶೀ ಪಾಸ್‌ಪೋರ್ಟ್ ಹೊಂದಿದ್ದರೆ ಭಾರತದ ವೀಸಾ ಬೇಕು. ಮೊದಲ ಮೆಟ್ಟಿಲಿನಲ್ಲೇ ತಡೆಯೊಂದಿದೆ: ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಪೈಕಿ ಅನೇಕ ಕಡೆ ದತ್ತು ಎಂಬ ವ್ಯವಸ್ಥೆಯೇ ಇಲ್ಲ. 1958ರಲ್ಲೇ ದತ್ತು ಕಾನೂನು ಮಾಡಿದ ಟ್ಯುನೀಷಿಯಾ ಅಪವಾದ. ಮೊರಾಕೊದಲ್ಲಿ 2002ರ ಕಾನೂನು, ಅಲ್ಜೀರಿಯಾದಲ್ಲಿ 1984ರ ಕುಟುಂಬ ಸಂಹಿತೆ ಮಕ್ಕಳ ಪೋಷಣೆಗೆ 'ಕಫಾಲಾ' ಎಂಬ ಬೇರೆಯೇ ಮಾರ್ಗವನ್ನು ಹಾಕಿಕೊಟ್ಟಿವೆ.

ಏನಿದು ಕಫಾಲಾ? ಹಝ್ರತ್ ಝೈದ್ ಬಿನ್ ಹಾರಿಸಾ(ರ)ರ ಚರಿತ್ರೆಯನ್ನು ನೆನಪಿಸಿಕೊಳ್ಳಿ. ಗುಲಾಮರಾಗಿ ಬಂದ ಅವರನ್ನು ಪ್ರವಾದಿವರ್ಯರು(ಸ) ಸ್ವತಂತ್ರಗೊಳಿಸಿ ಮಗನಂತೆ ಸಾಕಿದರು. ಜನರು ಅವರನ್ನು 'ಝೈದ್ ಬಿನ್ ಮುಹಮ್ಮದ್' ಎಂದೇ ಕರೆಯುತ್ತಿದ್ದರು. ಸಾಕುಮಕ್ಕಳನ್ನು ಅವರ ನಿಜವಾದ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆದೇಶ ಸೂರಃ ಅಲ್ ಅಹ್ಝಾಬ್‌ನಲ್ಲಿ ಅವತೀರ್ಣವಾದಾಗ ಅವರು ಮತ್ತೆ ಹಾರಿಸಾರ ಮಗನಾದರು. ಪ್ರೀತಿ ಕಡಿಮೆಯಾಯಿತೇ? ಇಲ್ಲ. ಮುಅ್ತಾ ಯುದ್ಧದಲ್ಲಿ ಸೇನೆಯ ನಾಯಕತ್ವವನ್ನು ಪ್ರವಾದಿವರ್ಯರು(ಸ) ಅವರಿಗೇ ವಹಿಸಿದರು. ಕಫಾಲಾ ಎಂದರೆ ಇದೇ. ಊಟ, ಬಟ್ಟೆ, ವಿದ್ಯೆ, ವಾತ್ಸಲ್ಯ ಎಲ್ಲವನ್ನೂ ಕೊಡಿ. ಮಗುವಿನ ವಂಶವನ್ನು ಮಾತ್ರ ಕಸಿದುಕೊಳ್ಳಬೇಡಿ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 20ನೇ ವಿಧಿಯು ಕಫಾಲಾವನ್ನು ಹೆಸರಿಸಿ ಮಾನ್ಯ ಮಾಡಿದೆ ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿದಿಲ್ಲ. ಗಾಝಾದ ಮಗುವನ್ನು ಅದರ ಚಿಕ್ಕಮ್ಮನ ಮಡಿಲಲ್ಲೇ ಬಿಟ್ಟು, ಕಾನೂನುಬದ್ಧ ಮಾರ್ಗದಲ್ಲಿ ಅದರ ಖರ್ಚನ್ನು ಹೊರುವುದು ಕಫಾಲಾದ ಉದ್ದೇಶಕ್ಕೆ ಹತ್ತಿರವಾದುದು. ಮಗುವನ್ನು ಇಲ್ಲಿಗೆ ತರುವ ಆಸೆಯಲ್ಲಿ ನಮ್ಮ ಮನಸ್ಸಿನ ತೃಪ್ತಿಯ ಪಾಲೂ ಸ್ವಲ್ಪ ಇದೆಯೇ ಎಂದು ನಾವೇ ಕೇಳಿಕೊಳ್ಳುವುದು ಒಳಿತು.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ನಮ್ಮ ಮನೆಗಳಲ್ಲಿ ನಿಜವಾಗಿ ನಡೆಯುತ್ತಿರುವುದು ಇದೇ.

ನಮ್ಮ ಗಮನಕ್ಕೆ ಬಂದ ಒಂದು ಕುಟುಂಬದಲ್ಲಿ ತಮ್ಮನ ನಾಲ್ಕನೆಯ ಮಗುವನ್ನು ಹೊರದೇಶದಲ್ಲಿದ್ದ ಅಣ್ಣನಿಗೆ ಕೊಡುವುದೆಂದು ಹೆರಿಗೆಗೆ ಮೊದಲೇ ಮಾತಾಗಿತ್ತು. ತಮ್ಮನ ಹೆಂಡತಿಯನ್ನು ಹೆರಿಗೆಗೆ ದಾಖಲಿಸಿದ್ದು ಅತ್ತಿಗೆಯ ಹೆಸರಿನಲ್ಲಿ. ಜನನ ಪ್ರಮಾಣಪತ್ರದಲ್ಲಿ ದೊಡ್ಡಮ್ಮನೇ ತಾಯಿಯಾದಳು, ದೊಡ್ಡಪ್ಪನೇ ತಂದೆಯಾದ. ಪಾಸ್‌ಪೋರ್ಟ್ ಸುಲಭವಾಗಿ ಸಿಕ್ಕಿತು. ಕೋರ್ಟಿಲ್ಲ, ಕಚೇರಿಯಿಲ್ಲ, ಖರ್ಚಿಲ್ಲ. ಎಲ್ಲರೂ ಜಾಣತನವೆಂದೇ ಭಾವಿಸಿದರು. ಹೆತ್ತವಳು ಮಾತ್ರ ಹಾಲು ಕಟ್ಟಿದ ಎದೆಯೊಂದಿಗೆ ತವರಿನಲ್ಲಿ ಮಲಗಿದ್ದಳು. ಹುಡುಗಿಗೆ ಹದಿನಾರು ತುಂಬಿದಾಗ ಆ ಕುಟುಂಬ ಪಾಶ್ಚಾತ್ಯ ದೇಶವೊಂದಕ್ಕೆ ನೆಲೆಸಲು ಅರ್ಜಿ ಹಾಕಿತು. ಅಲ್ಲಿನವರು ಡಿಎನ್‌ಎ ಪರೀಕ್ಷೆ ಕೇಳಿದರು. ತಂದೆ ಎನಿಸಿಕೊಂಡವನು ತಂದೆಯಲ್ಲ, ತಾಯಿ ಎನಿಸಿಕೊಂಡವಳು ತಾಯಿಯಲ್ಲ ಎಂಬ ಸಂಗತಿಯನ್ನು ಆ ಹುಡುಗಿ ತಿಳಿದುಕೊಂಡದ್ದು ವೀಸಾ ನಿರಾಕರಿಸಿದ ಪತ್ರದಿಂದ.

ಆ ಕುಟುಂಬ ಮಾಡಿದ್ದು ಕಾನೂನಿಗೆ ವಂಚನೆ. ಆದರೆ ಷರೀಅತ್ ಇದನ್ನು ಅದಕ್ಕಿಂತಲೂ ಮೊದಲೇ ನಿಷೇಧಿಸಿತ್ತು. ಮಗುವಿನ ತಂದೆಯ ಹೆಸರನ್ನು ಅಳಿಸುವುದಕ್ಕೆ ಅದರಲ್ಲಿ ಎಲ್ಲಿಯೂ ಅವಕಾಶವಿಲ್ಲ. ಒಡಹುಟ್ಟಿದವರೆಂದು ತಿಳಿಯದೆ ನಾಳೆ ಅವರ ನಡುವೆಯೇ ಮದುವೆಯ ಮಾತು ಬಂದಿದ್ದರೆ?

ಹಾಗಾದರೆ ನೇರ ದಾರಿ ಯಾವುದು? ದಾರಿ ಇದೆ. 1982ರಲ್ಲಿ ವಕೀಲ ಲಕ್ಷ್ಮೀಕಾಂತ್ ಪಾಂಡೆಯವರು ವಿದೇಶಗಳಿಗೆ ಮಕ್ಕಳನ್ನು ಕಳುಹಿಸುವಲ್ಲಿನ ಅಕ್ರಮಗಳ ಬಗ್ಗೆ ಸುಪ್ರೀಮ್ ಕೋರ್ಟಿಗೆ ಪತ್ರ ಬರೆದರು. ಅದರ ಮೇಲೆ 1984ರಲ್ಲಿ ಬಂದ ತೀರ್ಪಿನಿಂದ ನಮ್ಮ ದೇಶದ ನಿಯಮಗಳು ಬೆಳೆದು ಬಂದಿವೆ. ಇಂದು ಅನ್ವಯಿಸುವುದು 2015ರ ಬಾಲ ನ್ಯಾಯ ಕಾಯ್ದೆ ಮತ್ತು 2022ರ ದತ್ತು ನಿಯಮಾವಳಿ. ಈ ಕಾಯ್ದೆ 'ಸಂಬಂಧಿ' ಎನ್ನುವುದು ಮಗುವಿನ ತಂದೆಯ ಅಥವಾ ತಾಯಿಯ ಒಡಹುಟ್ಟಿದವರನ್ನು ಮತ್ತು ಅಜ್ಜ ಅಜ್ಜಿಯರನ್ನು ಮಾತ್ರ. ದೂರದ ನೆಂಟರು ಇದರೊಳಗೆ ಬರುವುದಿಲ್ಲ.

ವಿದೇಶದಲ್ಲಿ ನೆಲೆಸಿದ ಅಣ್ಣನು ಮೊದಲು ತಾನಿರುವ ದೇಶದ ಅಧಿಕೃತ ದತ್ತು ಸಂಸ್ಥೆ ಅಥವಾ ಕೇಂದ್ರ ಪ್ರಾಧಿಕಾರವನ್ನು ಕಾಣಬೇಕು. ಅಂಥದ್ದು ಇಲ್ಲದ ದೇಶದಲ್ಲಿ, ಆತ ಭಾರತೀಯ ಪ್ರಜೆಯಾಗಿದ್ದರೆ, ಅಲ್ಲಿನ ಸಂಬಂಧಪಟ್ಟ ಸರಕಾರಿ ಇಲಾಖೆಯನ್ನು ಅಥವಾ ನಮ್ಮ ರಾಯಭಾರ ಕಚೇರಿಯನ್ನು ಕಾಣಬೇಕು. ಅವರು ಮನೆಗೆ ಬಂದು ಆದಾಯ, ಆರೋಗ್ಯ, ದಾಂಪತ್ಯ, ಮನೆಯ ವಾತಾವರಣ ಎಲ್ಲವನ್ನೂ ನೋಡಿ ವರದಿ ಬರೆಯುತ್ತಾರೆ. ಇದನ್ನು ಅವಮಾನವೆಂದು ಭಾವಿಸುವವರಿದ್ದಾರೆ. ಮಗಳಿಗೆ ವರ ನೋಡುವಾಗ ನಾವು ವಿಚಾರಿಸುವುದಿಲ್ಲವೇ? ಇತ್ತ ಊರಿನಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಹೆತ್ತವರ ಕುಟುಂಬದ ವರದಿ ಸಿದ್ಧಪಡಿಸುತ್ತಾರೆ. ಹೆತ್ತವರ ಒಪ್ಪಿಗೆ ಬೇಕು. ಮಗುವಿಗೆ ಐದು ವರ್ಷ ತುಂಬಿದ್ದರೆ ಮಗುವಿನ ಒಪ್ಪಿಗೆಯೂ ಬೇಕು. 2021ರ ತಿದ್ದುಪಡಿಯ ಬಳಿಕ ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಅವರು ಇತ್ಯರ್ಥಪಡಿಸಬೇಕು. ಕಾರಾದ ನಿರಾಕ್ಷೇಪಣಾ ಪತ್ರವೂ ಕೈಸೇರಿದ ಮೇಲೆಯೇ ಮಗು ದೇಶ ಬಿಡಬಹುದು. ಹೋದ ಮೇಲೂ ಎರಡು ವರ್ಷ ಮಗುವಿನ ಕ್ಷೇಮದ ವರದಿ ಬರುತ್ತಿರಬೇಕು. ಆದೇಶವಿಲ್ಲದೆ ಮಗುವನ್ನು ಹೊರದೇಶಕ್ಕೆ ಒಯ್ದರೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಛಾಪಾ ಕಾಗದದ ಕರಾರಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೊಂದು ಮಾತು. ನಮ್ಮ ದೇಶದ ಒಪ್ಪಿಗೆ ಸಿಕ್ಕಿತೆಂದರೆ ಆ ದೇಶದ ಒಪ್ಪಿಗೆ ಸಿಕ್ಕಂತಲ್ಲ. ಉದಾಹರಣೆಗೆ, ಅಮೆರಿಕಾದಲ್ಲಿ ಹೇಗ್ ಒಡಂಬಡಿಕೆಯಡಿಯ ಅರ್ಜಿಯನ್ನು ಸಾಮಾನ್ಯವಾಗಿ ಮಗುವಿಗೆ ಹದಿನಾರು ತುಂಬುವ ಮೊದಲೇ ಸಲ್ಲಿಸಬೇಕು. ತಂದೆ ತಾಯಿ ಇಬ್ಬರೂ ಬದುಕಿದ್ದರೆ, ಮಗುವನ್ನು ಸರಿಯಾಗಿ ಸಾಕಲು ಅವರು ಅಸಮರ್ಥರೆಂದು ತೋರಿಸಬೇಕು. ಉಂಡುಟ್ಟು ಸುಖವಾಗಿರುವ ತಮ್ಮನು ಪ್ರೀತಿಯಿಂದ ಕೊಟ್ಟ ಮಗುವಿಗೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ. ಕೊಲ್ಲಿ ರಾಷ್ಟ್ರಗಳಲ್ಲಿರುವವರು, ದತ್ತು ಮಗುವಿಗೆ ಕುಟುಂಬ ವೀಸಾ ಸಿಗುವುದೇ ಎಂಬುದನ್ನು ಮೊದಲ ಕಾಗದಕ್ಕೆ ಸಹಿ ಹಾಕುವ ಮುನ್ನವೇ ಅಲ್ಲಿನ ಅಧಿಕಾರಿಗಳಿಂದ ಕೇಳಿ ತಿಳಿಯಬೇಕು.

ಈಗ ಒಂದು ಕಠಿಣವಾದ ಪ್ರಶ್ನೆ ಉಳಿಯಿತು. ಬಾಲ ನ್ಯಾಯ ಕಾಯ್ದೆಯಡಿ ದತ್ತು ಆದೇಶವಾದೊಡನೆ ಹೆತ್ತವರೊಂದಿಗಿನ ಕಾನೂನು ಸಂಬಂಧ ಕಡಿದುಹೋಗುತ್ತದೆ, ವಾರಸು ಹಕ್ಕೂ ಸಾಕಿದವರ ಕಡೆಗೆ ತಿರುಗುತ್ತದೆ. ಷರೀಅತ್ ಇದಕ್ಕೆ ಒಪ್ಪುವುದಿಲ್ಲ. 2014ರ ಫೆಬ್ರವರಿಯಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್, ಯಾವ ಧರ್ಮದವರೂ ಬಾಲ ನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದು, ಆದರೆ ಅದು ಬಯಸುವವರಿಗೆ ಮಾತ್ರ, ತನ್ನ ವೈಯಕ್ತಿಕ ಕಾನೂನಿನಂತೆ ನಡೆಯಲು ಪ್ರತಿಯೊಬ್ಬನೂ ಸ್ವತಂತ್ರನು ಎಂದು ತೀರ್ಪಿತ್ತಿತು. ದತ್ತು ಬೇಡವೆನ್ನುವವರಿಗೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಪಾಲಕತ್ವವಿದೆ, ಕಫಾಲಾಕ್ಕೆ ಅದು ಹತ್ತಿರವೂ ಹೌದು. ಆದರೆ ನ್ಯಾಯಾಲಯದ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯುವಂತಿಲ್ಲ ಮತ್ತು ಅನೇಕ ದೇಶಗಳು ಪಾಲಕತ್ವವೊಂದನ್ನೇ ನೋಡಿ ವೀಸಾ ಕೊಡುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ತಂದೆ ತಾಯಿ ಇಬ್ಬರೂ ಇರುವ, ಸಾಕುವ ಶಕ್ತಿಯೂ ಇರುವ ಮನೆಯಿಂದ ಮಗುವನ್ನು ಕಡಲಾಚೆಗೆ ಕಳುಹಿಸುವ ಅಗತ್ಯವಿಲ್ಲ. ಅಣ್ಣನು ಅದರ ವಿದ್ಯೆಯ ಹೊಣೆಯನ್ನು ಹೊರಲಿ, ರಜೆಯಲ್ಲಿ ಕರೆಸಿಕೊಳ್ಳಲಿ. ಹೆತ್ತವರು ಗತಿಸಿದ ಮಗುವಾದರೆ ಮಾತು ಬೇರೆ. ಆಗ ವಿದ್ವಾಂಸರನ್ನೂ ವಕೀಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು. ಕಾಗದ ಏನೇ ಹೇಳಲಿ, ಹೆತ್ತವರ ಹೆಸರನ್ನು ಮಗುವಿಗೆ ಬುದ್ಧಿ ಬರುವ ಕಾಲದಿಂದಲೇ ತಿಳಿಸುತ್ತಿರಬೇಕು. ಷರೀಅತ್ ಪ್ರಕಾರ ಸಾಕುಮಗು ವಾರಸುದಾರನಲ್ಲದ ಕಾರಣ, ಆಸ್ತಿಯ ಮೂರನೆಯ ಒಂದು ಭಾಗದೊಳಗೆ ಅದರ ಹೆಸರಿಗೆ ವಸಿಯ್ಯತ್ ಬರೆದಿಡಬಹುದು, ಬದುಕಿರುವಾಗಲೇ ಉಡುಗೊರೆಯಾಗಿಯೂ ಕೊಡಬಹುದು. ಮಗು ಎರಡು ವರ್ಷದೊಳಗಿದ್ದು ಸಾಕುವವಳು ಹಾಲೂಡಿಸಲು ಸಾಧ್ಯವಾದರೆ ಮಹ್ರಮ್ ಸಂಬಂಧವೂ ಏರ್ಪಡುತ್ತದೆ.

ನಾವು ಹೇಳಿದ ಹುಡುಗಿಗೆ ಈಗ ಹದಿನೆಂಟು ದಾಟಿದೆ. ಕಾಯ್ದೆಯ ದೃಷ್ಟಿಯಲ್ಲಿ ಅವಳು ಮಗುವಲ್ಲದ ಕಾರಣ ಸರಿಯಾದ ದತ್ತು ಆದೇಶ ಪಡೆಯುವ ಬಾಗಿಲೂ ಮುಚ್ಚಿದೆ. ಊರಿನಲ್ಲಿ ಅಜ್ಜಿಯೊಂದಿಗಿದ್ದಾಳೆ. ಜನನ ಪ್ರಮಾಣಪತ್ರವನ್ನು ತಿದ್ದಿಸಲು ವಕೀಲರೊಬ್ಬರು ಅರ್ಜಿ ಸಿದ್ಧಪಡಿಸಿದ್ದಾರೆ, ಅದರಲ್ಲಿ ತಾಯಿಯ ಹೆಸರನ್ನು ತಾನೇ ತನ್ನ ಕೈಯಿಂದ ಬರೆಯುತ್ತೇನೆಂದು ಅವಳು ಕೇಳಿಕೊಂಡಳಂತೆ. ಹೆತ್ತವಳನ್ನು ಅವಳು ಈಗಲೂ 'ಚಿಕ್ಕಮ್ಮ' ಎಂದೇ ಕರೆಯುತ್ತಾಳೆ.